ಕೈ ಭಾರ

ಕುರ್ಚಿ ಹಿಂದಕ್ಕೆ ವಾಲುತ್ತಿದ್ದಂತೆಯೇ ಸಾವಕ್ಕ ಎರಡೂ ಕಾಲು ಕೆಳಗಿಟ್ಟು ಎದ್ದು ಕುಳಿತಳು.

"ಒಂದೀಟು ನೀರು ಕುಡದ ಬರ್ತೀನ್ರಿ, ಡಾಕ್ಟರ್ ಬಾಯಾರ."

"ಈಗರ ಕುಡದ್ರೆಲ್ಲ ಅಕ್ಕಾರ," ಎಂದಳು ಹಲ್ಲಿನ ಡಾಕ್ಟರು ರೂಬಿನಾ.

ಬಾಗಿಲ ಬಳಿ ಸ್ಟೂಲಿನ ಮೇಲಿದ್ದ ಗಂಡ ಹೊಳಬಸಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಓಣಿಗೆಲ್ಲಾ ಕೇಳೂ ಹಂಗ ಬಾಯಿ ಮಾಡ್ತಾಳ್ರಿ ಮನ್ಯಾಗ. ಇಲ್ಲಿ ಬಂದ್ರ ಬಾಯಿ ತಗಿಯಾಕ ವಲ್ಲಳು."

"ನೀವು ಸುಮ್ಕ ಕುಂದರ್ರಿ," ಎಂದಳು ಸಾವಕ್ಕ ಗಂಡನಿಗೆ.

ಸಂಶಿ ಊರಿನ ಗೊಬ್ಬರದ ಅಂಗಡಿಯ ಮೇಲಿನ ಈ ದವಾಖಾನೆಗೆ ಅವಳು ಬಂದದ್ದು ಇದು ಮೂರನೇ ಸಲ. ಮೊದಲ ಸಲ ದವಡೆಗೆ ಸೂಜಿ ಚುಚ್ಚಿಸಿಕೊಂಡು, ಡಾಕ್ಟರು ಇಕ್ಕಳ ತರಲು ಆಚೆ ತಿರುಗಿದೊಡನೆ ಮೆಟ್ಟಿಲಿಳಿದು ಹೋಗಿಬಿಟ್ಟಿದ್ದಳು. ಒಂದು ಚಪ್ಪಲಿ ಇಲ್ಲೇ ಉಳಿದಿತ್ತು. ಎರಡನೇ ಸಲ ಸೂಜಿ ಕಾಣುವುದಕ್ಕೂ ಮೊದಲೇ ಓಡಿದಳು. ಸೂಜಿಗೆ ಅಂಜುತ್ತಾಳೆ ಎಂದು ಮನೆಯವರೆಲ್ಲ ನಕ್ಕರು. ಮೂರು ಮಕ್ಕಳನ್ನು ಹೆತ್ತವಳು ಸೂಜಿಗೆ ಅಂಜುವುದುಂಟೇ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ನಗುವವರು ನಗಲಿ ಎಂದು ರೊಟ್ಟಿ ಬಡಿಯುತ್ತ ಕುಳಿತಳು.

"ಗುಳಿಗಿ ತಗೊಂಡಿದ್ದಕ್ಕ ಬಾವು ಇಳದೈತಿ," ಎಂದಳು ರೂಬಿನಾ. "ಹಲ್ಲು ತಗಿಯಾಕ ಇದ ಟೈಮು. ಇವತ್ತ ಬಿಟ್ರ ಮತ್ತ ಬಾತು, ಕೀವು ಕುತ್ತಿಗಿಗೆ ಇಳೀತೈತಿ. ಆಮ್ಯಾಲೆ ಅದು ನನ್ನ ಕೈಯಾಗ ಇರೂದಿಲ್ಲ."

ಸಾವಕ್ಕನಿಗೆ ಅದು ಗೊತ್ತಿತ್ತು. ಮೂರು ರಾತ್ರಿ ಎಡಗೆನ್ನೆಯನ್ನು ಗೋಡೆಗೆ ಒತ್ತಿ ಕುಳಿತವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಗಳು ಮಾತ್ರ ಸುಮ್ಮನಿರಲೊಲ್ಲವು. ಸೆರಗು ಮಡಚಿದವು, ಬಿಚ್ಚಿದವು, ಕುರ್ಚಿಯ ರೆಕ್ಸಿನ್ನಿನ ಹರಿದ ಚೂರೊಂದನ್ನು ಕೀಳತೊಡಗಿದವು.

ರೂಬಿನಾ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟಳು. ಅಂಜುವ ರೋಗಿಗಳನ್ನು ಬರೀ ಮಾತಿನಿಂದ ಅರೆನಿದ್ದೆಗೆ ಇಳಿಸುವುದು ಹೇಗೆಂದು ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಮೂರು ದಿನ ಕಲಿತು ಬಂದಿದ್ದಳು. ಕಲಿತದ್ದನ್ನು ಬರೆದ ವಹಿ ಮೇಜಿನ ಮೇಲೆ ತೆರೆದೇ ಇತ್ತು.

"ಸೂಜಿ ಆಮ್ಯಾಲೆ. ಮೊದಲ ಬರೇ ಮಾತು. ಕಣ್ಣು ಮುಚ್ಚರಿ."

"ಮಾಟ ಗೀಟ ಅಲ್ಲಲ್ರಿ?" ಹೊಳಬಸಪ್ಪ ಕೇಳಿದ.

"ಅಲ್ರಿ ಕಾಕಾ. ಕೂಸಿಗೆ ಜೋಗುಳ ಹಾಡ್ತಾರಲ್ಲ, ಹಂಗ." ರೂಬಿನಾ ದನಿ ತಗ್ಗಿಸಿದಳು. "ಸಾವಕ್ಕಾರ, ನೀವು ಸಮುದ್ರದ ದಂಡಿ ಮ್ಯಾಲೆ ಮಲಗೀರಿ…"

"ನಾ ಸಮುದ್ರ ನೋಡಿಲ್ರಿ."

"ಹಂಗಾರ ಕೆರಿ ಅನ್ಕೊಳ್ರಿ."

"ಕೆರಿ ಅಂದ್ರ ಅರಿವಿ ಒಗಿಯೂದು ನೆನಪಾಗ್ತೈತ್ರಿ. ಎರಡು ಕೌದಿ ನೆನಿ ಹಾಕಿ ಬಂದೀನಿ."

"ಹೊಲ?"

"ಹೊಲದಾಗ ಕಸ ಬಿದ್ದೈತ್ರಿ."

ಹೊಳಬಸಪ್ಪ ಕಿಸಕ್ಕನೆ ನಕ್ಕ. ರೂಬಿನಾಳಿಗೂ ನಗು ಬಂತು. ವಹಿಯ ಹಾಳೆ ತಿರುವಿದಳು. "ಬಿಡ್ರಿ, ಎಲ್ಲೂ ಹೋಗೂದು ಬ್ಯಾಡ. ಇಲ್ಲೇ ಇರ್ರಿ. ಉಸರು ಒಳಗ ತಗೋರಿ… ಸಾವಕಾಶ ಬಿಡ್ರಿ."

ಸಾವಕ್ಕ ಉಸಿರು ಬಿಟ್ಟಳು. ಮತ್ತೆ ತೆಗೆದುಕೊಂಡಳು. ಮೇಲೆ ಫ್ಯಾನು ಕಿರಗುಟ್ಟುತ್ತಿತ್ತು. ಕೆಳಗೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು. ಡಾಕ್ಟರು ಹುಡುಗಿಯ ದನಿ ತಣ್ಣಗಿತ್ತು. ಭುಜಗಳು ತಾವಾಗಿ ಇಳಿದವು, ರೆಪ್ಪೆಗಳು ಕೂಡಿಕೊಂಡವು. ನಸುಕಿನಲ್ಲಿ ಎದ್ದು ಖಾನಾವಳಿಗೆ ಇನ್ನೂರು ರೊಟ್ಟಿ ಬಡಿದು ಬಂದ ಮೈ ಅದು, ಆಸರೆ ಸಿಕ್ಕರೆ ಸಾಕಾಗಿತ್ತು.

"ಈಗ ನಿಮ್ಮ ಬಲಗೈ ಭಾರ ಆಗಾಕತ್ತೈತಿ… ಕಲ್ಲಿನಂಗ ಭಾರ… ಎತ್ತಬೇಕಂದ್ರೂ ಎತ್ತಾಕ ಬರವಲ್ದು…"

ಸಾವಕ್ಕ ಚಿಟ್ಟನೆ ಚೀರಿ ಎದ್ದಳು. ಮೊಣಕೈ ತಾಗಿ ಸಾಮಾನಿನ ತಟ್ಟೆ ನೆಲಕ್ಕೆ ಬಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ತಿಕ್ಕಿದಳು, ಬಡಿದಳು, ಬೆರಳು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದಳು.

"ಏನ್ ಮಾಡಿದ್ರಿ ನನ್ನ ಕೈಗೆ?"

"ಏನೂ ಮಾಡಿಲ್ರಿ ಅಕ್ಕಾರ, ಬರೇ ಮಾತು…"

"ನಮ್ಮವ್ವನೂ ಹಂಗ ಅಂದಿದ್ಲು, ಕೈ ಭಾರ ಅಂತ."

ಹೊಳಬಸಪ್ಪ ಎದ್ದು ನಿಂತಿದ್ದ. ಸಾವಕ್ಕ ಅವನತ್ತ ನೋಡದೆ, ಕೈ ತಿಕ್ಕುತ್ತಲೇ ಹೇಳಿದಳು. ಅವಳಿಗೆ ಆಗ ಹದಿಮೂರು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ನಡುವೆಯೇ ನಿಲ್ಲಿಸಿ, ಕೈ ಭಾರ ಆಗೇತಿ ಸಾವಿ, ಅಂದಳು. ನೋಡಿದರೆ ಬಾಯಿ ಎಡಕ್ಕೆ ಜಗ್ಗಿತ್ತು, ತುಟಿ ಜೋತಿತ್ತು. ಅರ್ಧ ಮೈಗೆ ಲಕ್ವಾ ಹೊಡೆದಿತ್ತು. ಅರ್ಧ ಬಡಿದ ರೊಟ್ಟಿಯನ್ನು ಸಾವಕ್ಕನೇ ಬಡಿದು ಹಂಚಿಗೆ ಹಾಕಿದಳು. ಅಂದಿನಿಂದ ಬಡಿಯುತ್ತಲೇ ಇದ್ದಾಳೆ.

"ಮೊದಲನೇ ಸಲ ಸೂಜಿ ಮಾಡಿದ್ರೆಲ್ಲ, ತುಟಿ ನಂದಲ್ಲ ಅನಿಸ್ತು. ಮುಟ್ಟಿ ನೋಡಿದ್ರ ಯಾರದೋ ತುಟಿ. ಬಾಯಿ ಜಗ್ಗಿತು, ಇನ್ನ ಕೈಯೂ ಹೋಗ್ತೈತಿ ಅಂತ ಓಡಿದ್ನಿ. ಮನೀಗೆ ಹೋಗಿ ಒಂದ ಸವನ ರೊಟ್ಟಿ ಬಡದ್ನಿ, ಕೈ ನಡೀತೈತೋ ಇಲ್ಲೋ ನೋಡಾಕ."

ಹೊಳಬಸಪ್ಪ ಬಾಗಿ, ಬಿದ್ದ ತಟ್ಟೆಯನ್ನು ಎತ್ತಿ ಮೇಜಿನ ಮೇಲಿಟ್ಟ.

ರೂಬಿನಾ ವಹಿ ಮುಚ್ಚಿದಳು. ತನ್ನ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. "ತಪ್ಪು ನಂದ್ರಿ. ಮೊದಲ ಹೇಳಬೇಕಾಗಿತ್ತು. ಈ ಸೂಜಿಗೆ ತುಟಿ ಅರ್ಧ ಜೋಂ ಹಿಡೀತೈತಿ. ದಪ್ಪ ಆದಂಗ ಅನಿಸ್ತೈತಿ. ಎರಡು ಮೂರು ತಾಸಿಗೆ ಮೊದಲಿನಂಗ ಹೊಳ್ಳಿ ಬರ್ತೈತಿ. ಕೈಗೆ ಅದು ಹೋಗೂದಿಲ್ಲ."

"ಹೊಳ್ಳಿ ಬರ್ತೈತಿ?"

"ಬರ್ತೈತ್ರಿ."

"ಅವ್ವಂದು ಬರಲಿಲ್ರಿ."

"ನಿಮ್ಮದು ಬರ್ತೈತಿ." ರೂಬಿನಾ ಅವಳ ಬಲಗೈ ನೋಡಿ ಹೇಳಿದಳು, "ಕೈ ಸುಮ್ಮ ಇಡೂದು ಬ್ಯಾಡ. ನೀವು ರೊಟ್ಟಿ ಬಡೀರಿ. ಇಲ್ಲೇ, ತೊಡಿ ಮ್ಯಾಲೆ. ನಡಿಯೂ ಕೈಗೆ ಅಂಜಿಕಿ ಯಾಕ?"

ಸಾವಕ್ಕ ಗಂಡನತ್ತ ನೋಡಿದಳು. ಅವನು ನಗಲಿಲ್ಲ. ಅವಳು ಹಿಂದಕ್ಕೆ ಒರಗಿದಳು. ಬಲಗೈ ತೊಡೆಯ ಮೇಲೆ ಮೆಲ್ಲಗೆ ತಟ್ಟತೊಡಗಿತು. ತಟ್, ತಟ್, ತಟ್. ರೂಬಿನಾ ಹೊಸ ಕೈಗವಸು ಹಾಕಿಕೊಂಡು ಬೇರೆ ಸಾಮಾನಿನ ತಟ್ಟೆ ಎಳೆದುಕೊಂಡಳು.

"ಕಣ್ಣು ಮುಚ್ಚರಿ. ಒಲಿ ಹೊತ್ತೈತಿ. ಹಿಟ್ಟು ನಾದೀರಿ. ಉಂಡಿ ಮಾಡಿ ಬಡೀತೀರಿ, ತಿರುವಿ ತಿರುವಿ ಬಡೀತೀರಿ. ರೊಟ್ಟಿ ತೆಳ್ಳಗ ಆಗಾಕತ್ತೈತಿ. ಹಂಚಿಗೆ ಹಾಕಿದ್ರಿ. ಈಗ ತಿರುವಿ ಹಾಕ್ತೀರಿ…"

"ನೀರು ಹಚ್ಚಲಾರದನ?" ಸಾವಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಒದ್ದಿ ಅರಿವಿಲೆ ಮ್ಯಾಲೆ ನೀರು ಸವರಬೇಕ್ರಿ ಮೊದಲ. ನಿಮ್ಮವ್ವ ಕಲಿಸಿಲ್ಲೇನ್ರಿ?"

"ನಮ್ಮಮ್ಮಿ ಚಪಾತಿ ಮಾಡ್ತಾಳ್ರಿ."

"ಅದಕ್ಕ ಮತ್ತ."

"ನೀರು ಸವರಿದ್ರಿ. ಈಗ ಬಾಯಿ ತಗೀರಿ. ಕೈ ನಡೀಲಿ."

ಸೂಜಿ ಒಳಗಿಳಿದಾಗ ತಟ್ಟುವ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ತುಟಿ ದಪ್ಪವಾಯಿತು, ಪರರದಾಯಿತು. ಕೈ ಜೋರಾಗಿ ಬಡಿಯಿತು. "ಒಂದು ಆತು," ಎನ್ನುತ್ತಿದ್ದಳು ರೂಬಿನಾ, "ನೀರು ಸವರಿರಿ. ಎರಡನೇದು ತಗೋರಿ." ಐದನೆಯದಕ್ಕೆ ತಟ್ಟು ನಿಧಾನವಾಯಿತು. ಒಂಬತ್ತನೆಯದಕ್ಕೆ ಬೆರಳ ತುದಿಗಳಷ್ಟೇ ಆಡುತ್ತಿದ್ದವು. ದವಡೆಯೊಳಗೆ ಎಲ್ಲೋ ದೂರದಲ್ಲಿ ಏನೋ ಮುರಿದಂತೆ ಸದ್ದಾಯಿತು.

"ಹನ್ನೊಂದು," ಎಂದಳು ರೂಬಿನಾ. ತಟ್ಟೆಯಲ್ಲಿ ಹಲ್ಲು ಟಣ್ಣೆಂದಿತು.

ಬಾಯಿಗೆ ಅರಳೆ ಕಚ್ಚಿಸಿ, ಸ್ವಲ್ಪ ಹೊತ್ತು ಹೀಗೇ ಇರಲಿ ಎಂದು ಹೇಳಿ ಡಾಕ್ಟರು ಕೈ ತೊಳೆಯಲು ಹೋದಳು. ಹೊಳಬಸಪ್ಪ ಹತ್ತಿರ ಬಂದ. ಹೆಂಡತಿಯ ಬಲಗೈ ಅಂಗೈ ಮೇಲಾಗಿ ಬಿದ್ದಿತ್ತು, ಆಡುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಕೈ ಹಾಗೆ ಬಿದ್ದದ್ದನ್ನು ಅವನು ಕಂಡಿರಲಿಲ್ಲ. ಒಂದು ಬೆರಳನ್ನು ಅಂಜುತ್ತ ಅವಳ ಅಂಗೈಯಲ್ಲಿಟ್ಟ.

ಅವಳು ಕಣ್ಣು ತೆರೆಯದೆ ಬೆರಳನ್ನು ಗಟ್ಟಿಯಾಗಿ ಹಿಡಿದಳು.

"ಹೋಗೂಣು?" ಅವನು ಕೇಳಿದ.

ಸಾವಕ್ಕ ಏಳಲಿಲ್ಲ, ಬೆರಳು ಬಿಟ್ಟಳು. ಕೈ ಮತ್ತೆ ಮೊದಲಿನಂತೆ ತೊಡೆಯ ಮೇಲೆ ಬಿಚ್ಚಿಕೊಂಡಿತು. ಅಂಗೈಯ ಗೆರೆಗಳಲ್ಲಿ ಬೆಳಗಿನ ಹಿಟ್ಟು ಒಣಗಿತ್ತು. ಮೇಲೆ ಫ್ಯಾನು ಕಿರಗುಟ್ಟುತ್ತ ತಿರುಗುತ್ತಿತ್ತು.