ಏಳನೆಯ ಲೋಟ

ಬುಧವಾರ ಬುಧವಾರ ಸೇರುವ ಬೀದಿ ಸಮಿತಿಗೆ ಬರೆದ ರಾಜೀನಾಮೆ ಪತ್ರ ಲಿಫ್ಟಣ್ಣನ ಅಂಗಿಯ ಜೇಬಿಗೆ ಬಂದು ಮೂರು ಬುಧವಾರಗಳಾಗಿದ್ದವು. ಮೊದಲ ಬುಧವಾರ ಕೊಡೋಣವೆಂದರೆ ಮೇಷ್ಟ್ರಿಗೆ ಜ್ವರ. ಎರಡನೆಯ ಬುಧವಾರ ಚರಂಡಿ ಕಟ್ಟಿಕೊಂಡು ಕೆಳಬೀದಿಯವರೆಲ್ಲ ಸಮಿತಿಯ ಕೋಣೆಗೆ ನುಗ್ಗಿದ್ದರು. ಅಂಥ ಹೊತ್ತಿನಲ್ಲಿ ನಾನು ಹೊರಟೆ ಅನ್ನಲು ಯಾವ ಬಾಯಿ? ನಡುವೆ ಅಂಗಿ ಒಮ್ಮೆ ಒಗೆತಕ್ಕೆ ಹೋಗಿ, ಪತ್ರ ಹಿಟ್ಟಾಗಿ, ಅದನ್ನು ಮತ್ತೆ ಬರೆದದ್ದೂ ಆಗಿತ್ತು.

ಈ ಬೆಳಿಗ್ಗೆ ಹೆಂಡತಿ ಜೇಬು ತಟ್ಟಿ ನೋಡಿಯೇ ಅವನನ್ನು ಕಳಿಸಿದ್ದಳು. "ಇವತ್ತು ಇದು ವಾಪಸ್ ಬಂದ್ರೆ ನೀವು ಬರೋದು ಬೇಡ. ಹನ್ನೊಂದು ವರ್ಷ ಸಾಕು ರೀ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ ಹಿರಿಯರು ಸುಮ್ನೆ ಹೇಳಿದ್ರಾ?"

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವನು ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಅವನ ಮನೆ ಮಾತ್ರ ತೊಂಬತ್ತೆರಡು ಮೆಟ್ಟಿಲುಗಳ ಮೇಲಿನ ಬೀದಿಯಲ್ಲಿ. 'ಊರಿಗೆಲ್ಲ ಲಿಫ್ಟು, ಹೆಂಡತಿಗೆ ಮೆಟ್ಟಿಲು' ಎಂದು ಅವಳು ಮದುವೆಯಾದ ಹೊಸತರಲ್ಲಿ ನಗುತ್ತಾ ಹೇಳುತ್ತಿದ್ದಳು. ಈಗ ಮಂಡಿಯ ಆಪರೇಷನ್ ಆಗಿ ನಾಲ್ಕು ತಿಂಗಳು. ನಾಲ್ಕು ತಿಂಗಳಿಂದ ಅವಳು ಕೆಳಗೆ ಇಳಿದಿಲ್ಲ. ಹಿಡಿದುಕೊಳ್ಳಲು ಏನಾದರೂ ಇದ್ದರೆ ಇಳಿಯಬಹುದು ಎಂದು ಡಾಕ್ಟರು ಹೇಳಿದ್ದರು. ಆ 'ಏನಾದರೂ' ಎಂಬುದು ಅರ್ಧ ಬಂದಿತ್ತು: ಸಮಿತಿ ಮಂಜೂರು ಮಾಡಿಸಿದ ಕಂಬಿ ಕೆಳಗಿನಿಂದ ನಲವತ್ತಾರನೇ ಮೆಟ್ಟಿಲಿನವರೆಗೆ ಏರಿ ನಿಂತಿತ್ತು. ಉಳಿದರ್ಧದ ಪೈಪು ನಾಳೆ ಬರಬೇಕು. ಕಂಬಿ ಬರುತ್ತಿದೆ, ಇನ್ನು ಸಂಜೆಗಳನ್ನಾದರೂ ಅವಳಿಗೆ ಕೊಡೋಣ ಎಂಬುದು ಅವನ ಲೆಕ್ಕಾಚಾರ.

ಬೆಳಿಗ್ಗೆ ಏಳರಿಂದ ಲಿಫ್ಟಿನ ಬುಡದ ಗುಂಡಿಯಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಮೆಟ್ಟಿಲುಗಳ ಬುಡದಲ್ಲಿರುವ ಸಮಿತಿಯ ಕೋಣೆಗೆ ಅವನು ಬಂದಾಗ ಐದೂವರೆ. ಒಳಗೆ ಒಬ್ಬ ಹೊಸ ಹೆಂಗಸು ಕೂತಿದ್ದಳು, ತೊಡೆಯ ಮೇಲೆ ಫೈಲು. ನಗರ ಕಚೇರಿಯಿಂದ ತಪಾಸಣೆಗೆ ಬಂದವಳು. ಅವಳ ಕಣ್ಣ ಕೆಳಗೂ ಇವನ ಕಣ್ಣ ಕೆಳಗಿನಷ್ಟೇ ಕಪ್ಪು. ಎದುರಿಗೆ ಮೇಷ್ಟ್ರು, ಅಂದರೆ ಸಮಿತಿಯ ಅಧ್ಯಕ್ಷರು, ಪಾಠ ಒಪ್ಪಿಸಲು ಬಾರದ ಹುಡುಗನ ಹಾಗೆ ಕನ್ನಡಕ ಒರೆಸುತ್ತಿದ್ದರು. ಉಳಿದ ನಾಲ್ವರು ಸದಸ್ಯರು ಗೋಡೆ ಪಕ್ಕದ ಕುರ್ಚಿಗಳಲ್ಲಿದ್ದರು.

"ನಿಮ್ಮ ಪಟ್ಟಿಯಲ್ಲಿರೋ ಅಂಚೆಯವರು ತೀರಿಕೊಂಡು ಎರಡು ವರ್ಷ ಆಯ್ತು," ಎಂದಳು ತಪಾಸಣೆಯವಳು. "ಆದ್ರೂ ಪ್ರತಿ ಸಭೇಲೂ 'ಹಾಜರು ಏಳು' ಅಂತ ಬರೆದಿದ್ದೀರ. ಇರೋರು ಆರೇ ಜನ. ಇದು ಹೇಗೆ?"

ಇದು ಹೇಗೆಂದರೆ, ಲೋಟದಿಂದ. ಸಮಿತಿ ಶುರುವಾದ ಕಾಲದಲ್ಲಿ ಬಂದು ಸಹಿ ಹಾಕಿ ಹಿಂಬಾಗಿಲಿನಿಂದ ಜಾರಿಕೊಳ್ಳುವವರೇ ಹೆಚ್ಚು. ರೋಸಿಹೋದ ಮೇಷ್ಟ್ರು ಒಂದು ಕಟ್ಟಳೆ ಮಾಡಿದರು: ಟೀ ಬರುವುದು ತೀರ್ಮಾನದ ಹೊತ್ತಿಗೆ ಮಾತ್ರ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಲೋಟ, ಕೊನೆಯಲ್ಲಿ ಬೋಗುಣಿಯಲ್ಲಿ ಎಷ್ಟು ಎಂಜಲು ಲೋಟವೋ ಅಷ್ಟು ಹಾಜರಿ. 'ಸಹಿ ಸುಳ್ಳು ಹೇಳುತ್ತೆ, ಎಂಜಲು ಲೋಟ ಹೇಳಲ್ಲ' ಎಂದು ಅವರು ಅದನ್ನು ಸುಭಾಷಿತದ ಹಾಗೆ ಹೇಳುತ್ತಿದ್ದರು. ಲೋಟ ಇಟ್ಟು ಟೀ ಹೊಯ್ಯುವವಳು ಕೋಣೆಯ ಮೇಲಿನ ಮನೆಯಲ್ಲೇ ಇರುವ ಅಂಚೆಯವನ ಹೆಂಡತಿ, ಎಲ್ಲರ ಬಾಯಲ್ಲೂ ಟಪಾಲಕ್ಕ. ಗಂಡ ಹೋದ ಮೇಲೂ ಅವಳು ಅವನ ನೀಲಿ ಲೋಟವನ್ನು ತಟ್ಟೆಯಲ್ಲಿ ಇಡುವುದನ್ನು ಬಿಡಲಿಲ್ಲ. ಬೇಡಮ್ಮ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಮೇಷ್ಟ್ರು ಬೋಗುಣಿ ಎಣಿಸಿದರು, ಏಳು ಎಂದು ಬರೆದರು. ಎಣಿಸುವವನಿಗೆ ಎಣಿಕೆಯ ಮೇಲೆಯೇ ಕಣ್ಣು.

"ಬದುಕಿದ್ದಾಗ್ಲೂ ಅವರು ಮಾತಾಡ್ತಿದ್ದದ್ದು ಕಮ್ಮಿ ಅಮ್ಮಾ," ಎಂದ ಸಮಿತಿಯ ಕ್ಷೌರಿಕ, ವಾತಾವರಣ ತಿಳಿಮಾಡಲು. "ಅದಕ್ಕೆ ನಮಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ."

ಬಾಗಿಲಲ್ಲಿ ಟಪಾಲಕ್ಕ ತಟ್ಟೆ ಹಿಡಿದು ನಿಂತಿದ್ದಳು. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು, ನೀಲಿ ಲೋಟವೊಂದನ್ನು ಮಾತ್ರ ಎತ್ತಿಕೊಂಡಳು, ಹಿಂತಿರುಗಿ ನೋಡದೆ ಮಹಡಿ ಹತ್ತಿದಳು. ಕ್ಷೌರಿಕ ನಾಲಿಗೆ ಕಚ್ಚಿಕೊಂಡ. "ನನ್ನ ಬಾಯಿಗಿಷ್ಟು ಬೀಗ ಹಾಕ್ರೋ ಯಾರಾದ್ರೂ."

ತಪಾಸಣೆಯವಳು ಫೈಲು ಮುಚ್ಚಿದಳು. ಗದರಲಿಲ್ಲ, ಗದರುವಷ್ಟು ಶಕ್ತಿಯೂ ಅವಳಲ್ಲಿ ಉಳಿದಂತಿರಲಿಲ್ಲ. "ನೋಡಿ, ಏಳು ಜನ ಇಲ್ದೆ ಮಾಡಿದ ನಿರ್ಣಯ ನಿಲ್ಲಲ್ಲ. ಕಂಬಿ ಕೆಲಸಾನೂ ಅದರಲ್ಲೇ ಬರುತ್ತೆ. ನಾಳೆ ಬೆಳಿಗ್ಗೆ ನಾನೇ ನಿಲ್ಲಿಸಿ ಅಂತ ಬರೀಬೇಕು. ಹೊಸ ಸಮಿತಿ ಆಗೋಕೆ ಎಂಟು ತಿಂಗಳಾದ್ರೂ ಬೇಕು. ಇವತ್ತೇ ಇನ್ನೊಬ್ಬರು ಅರ್ಜಿ ತುಂಬಿ, ಏಳು ಜನ ಕೂತು ಅದೇ ನಿರ್ಣಯ ಮತ್ತೆ ಮಾಡಿದ್ರೆ ಸರಿ. ನನ್ನ ಬಸ್ಸು ಆರೂವರೆಗೆ."

ಲಿಫ್ಟಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ಎಂಟು ತಿಂಗಳು. ಹೆಂಡತಿ ಕಿಟಕಿಯ ಪಕ್ಕ ಕೂತು ಬೀದಿಯನ್ನು ಮೇಲಿನಿಂದ ನೋಡುತ್ತಾ ಇನ್ನೂ ಎಂಟು ತಿಂಗಳು. ಪತ್ರ ಈಗ ಕೊಟ್ಟರೆ ಏಳಕ್ಕೆ ಒಬ್ಬರಲ್ಲ, ಇಬ್ಬರು ಕಮ್ಮಿ. ಅವನು ಕೈಯನ್ನು ಹೊರಗೆ ತೆಗೆದ, ಖಾಲಿಯಾಗಿ.

ಕ್ಷೌರಿಕ ಮಾಡಿದ ಪಾಪ ಕಳೆದುಕೊಳ್ಳುವವನಂತೆ ಬೀದಿಗೆ ಓಡಿ, ಕಾಲು ಗಂಟೆಯಲ್ಲಿ ಏದುಸಿರು ಬಿಡುತ್ತಾ ವಾಪಸು ಬಂದ. "ಬಟ್ಟೆ ಅಂಗಡಿಯವನು ಏನು ಸಿಗುತ್ತೆ ಅಂತ ಕೇಳ್ದ. ಟೀ ಅಂದೆ. ನಮ್ಮ ಮನೇಲೂ ಟೀ ಇದೆ ಅಂದ. ಮೂಲೆ ಮನೆಯವರು ಮುಂದಿನ ವರ್ಷ ನೋಡೋಣ ಅಂದ್ರು. ಗ್ಯಾರೇಜಿನವನು ನನ್ನ ನೋಡ್ತಿದ್ದ ಹಾಗೇ ಕಾರಿನ ಕೆಳಗೆ ಹೋಗಿ ಮಲಗಿಬಿಟ್ಟ."

ಮೇಷ್ಟ್ರು ಮೆಲ್ಲಗೆ ಲಿಫ್ಟಣ್ಣನ ಕಡೆ ತಿರುಗಿದರು. "ನೀವೇ ಹೋಗಿ ಟಪಾಲಕ್ಕನ್ನ ಕೇಳಿ. ನಿಮ್ಮನ್ನ ಕರೆತಂದವರು ಅವರ ಯಜಮಾನರೇ ಅಲ್ವಾ?"

ಅದು ನಿಜ. ಹನ್ನೊಂದು ವರ್ಷದ ಹಿಂದೆ, ಅರವತ್ತನೇ ಮೆಟ್ಟಿಲಿನ ದೀಪ ಕೆಟ್ಟಿದೆಯೆಂದು ಜಗಳಕ್ಕೇ ಬಂದಿದ್ದ ಅವನು. ಬಾಗಿಲಲ್ಲೇ ನಿಂತು ಕೂಗಾಡಿದ್ದ. ಅಂಚೆಯವನು ಒಂದು ಕುರ್ಚಿ ಎಳೆದು, "ಕೂತ್ಕೊಳ್ಳಿ. ನಿಂತು ಹೇಳಿದ್ರೆ ದೂರು, ಕೂತು ಹೇಳಿದ್ರೆ ಸಲಹೆ," ಎಂದಿದ್ದ. ಕಾಲು ನೋಯುತ್ತಿತ್ತು, ಕೂತ. ಟೀ ಬಂತು, ಕುಡಿದ. ಲೋಟ ಎಂಜಲಾಯಿತು. ಅಲ್ಲಿಗೆ ಮುಗಿಯಿತು ಅವನ ಕಥೆ.

ಮಹಡಿಯ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಸೊಂಟ ಎರಡು ಸಲ ಚುಚ್ಚಿತು. ಟಪಾಲಕ್ಕ ನಲ್ಲಿಯ ಕೆಳಗೆ ಲೋಟ ತೊಳೆಯುತ್ತಿದ್ದಳು. ಕುಡಿಯದ ಲೋಟವನ್ನು ಅಷ್ಟು ಹೊತ್ತು ತೊಳೆಯುವುದೇನಿದೆ ಎಂದು ಅವನು ಕೇಳಲಿಲ್ಲ.

"ಆ ಕ್ಷೌರಿಕನ ಬಾಯಿ ತಿದ್ದೋಕೆ ಬಂದ್ಯಾ?"

"ಇಲ್ಲಕ್ಕ. ಅದು ಅವನ ಹೆಂಡ್ತಿ ಕೈಲೇ ಆಗಿಲ್ಲ."

ಅವಳ ಬೆನ್ನು ಸ್ವಲ್ಪ ಅಲುಗಿತು, ನಗುವೋ ಏನೋ. ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಏಳು ಜನ ಬೇಕು. ಇಲ್ಲದಿದ್ದರೆ ಕಂಬಿ ನಲವತ್ತಾರಕ್ಕೆ ನಿಲ್ಲುತ್ತದೆ.

"ಅವರ ಕುರ್ಚಿ ಮೇಲೆ ನಾನು ಕೂರಲ್ಲ," ಎಂದಳು.

"ಎರಡು ವರ್ಷದಿಂದ ಬಾಗಿಲಲ್ಲಿ ನಿಂತು ಎಲ್ಲಾ ಕೇಳ್ತಿದ್ದೀರಿ. ಆ ಲೋಟದಲ್ಲಿ ಟೀ ಕುಡೀತಿದ್ದದ್ದೂ ನೀವೇ. ನಾನು ನೋಡಿದ್ದೀನಿ."

"ನೋಡಿದ್ದವನು ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ."

ಅವಳು ನಲ್ಲಿ ನಿಲ್ಲಿಸಿದಳು. "ದಿನಾ ಒಂದೇ ಲೋಟ ತೊಳೀತೀನಿ ಕಣಪ್ಪ. ಬುಧವಾರ ಒಂದು ದಿನ ಅವರದ್ದೂ ತೊಳೆಯೋಕೆ ಸಿಗುತ್ತೆ." ಲೋಟ ಒರೆಸಿ ಬೆಳಕಿಗೆ ಹಿಡಿದು ನೋಡಿದಳು. "ಅವರನ್ನ ನಾನೂ ಬೈದಿದ್ದೀನಿ, ನಿನ್ನ ಹೆಂಡ್ತಿ ನಿನ್ನ ಬೈಯೋ ಹಾಗೇ. ಯಾರಿಗೆ ಬೇಕಾಗಿತ್ತು ಈ ಉಸಾಬರಿ ಅಂತ. ಅವರು ಒಂದಿನಾನೂ ಯಾಕೆ ಅಂತ ಹೇಳ್ಲಿಲ್ಲ. ನೀನು ಹೇಳು. ನೀನ್ಯಾಕೆ ಇದ್ದೀಯ?"

ಅರ್ಜಿಯಲ್ಲೂ ಅದೇ ಪ್ರಶ್ನೆಯಿತ್ತು: ತಾವು ಸೇವೆ ಸಲ್ಲಿಸಲು ಬಯಸುವ ಕಾರಣ. ಮೇಷ್ಟ್ರು ಹೇಳಿಕೊಟ್ಟಂತೆ ಎಲ್ಲರೂ 'ಸಮಾಜದ ಏಳಿಗೆಗಾಗಿ' ಎಂದು ಬರೆದಿದ್ದರು. ಆ ಮಾತನ್ನು ಈ ಅಡುಗೆಮನೆಯಲ್ಲಿ ಆಡಲು ಅವನಿಗೆ ನಾಚಿಕೆಯಾಯಿತು.

"ದೀಪಕ್ಕೆ ಬಂದೆ," ಎಂದ. "ದೀಪ ಆಯ್ತು. ಅಷ್ಟರಲ್ಲಿ ನಲ್ಲಿ ಕೆಟ್ಟಿತ್ತು. ನಲ್ಲಿ ಆದ್ಮೇಲೆ ಚರಂಡಿ. ಬಿಡೋಣ ಅಂದ್ಕೊಂಡಾಗೆಲ್ಲ ಒಂದು ಅರ್ಧ ಆಗಿರ್ತಿತ್ತು. ಅರ್ಧ ಆಗಿರೋದನ್ನ ದಿನಾ ದಾಟ್ಕೊಂಡು ಮನೆಗೆ ಹೋಗೋಕೆ ನನ್ನ ಕೈಲಾಗಲ್ಲ ಅಕ್ಕ. ಇನ್ನೇನೂ ಇಲ್ಲ. ಸಾಕಾಗಿದೆ ನನಗೂ."

"ಜೇಬಲ್ಲಿರೋ ಕಾಗದ ಕೊಡು."

ಅವನು ಬೆಚ್ಚಿದ.

"ಎಲ್ಲರಿಗೂ ಗೊತ್ತು. ಇಲ್ಲಿ ಗುಟ್ಟು ಅನ್ನೋದು ಮೂರನೇ ಮೆಟ್ಟಿಲು ಇಳಿಯೋದ್ರೊಳಗೆ ಡಂಗುರ ಆಗಿರುತ್ತೆ." ಪತ್ರ ತೆಗೆದುಕೊಂಡಳು, ಓದಲಿಲ್ಲ. ನಾಲ್ಕಾಗಿ ಮಡಚಿ ನೀಲಿ ಲೋಟದೊಳಗೆ ಇಳಿಸಿದಳು. "ಕಂಬಿ ಮೇಲಿನ ತನಕ ಬಂದ ದಿನ ತಗೊಂಡು ಹೋಗು. ಅಲ್ಲಿತನಕ ನೀನು ಇದ್ರೆ ನಾನೂ ಇರ್ತೀನಿ. ಮತ್ತೆ, ಈ ಲೋಟ ಇನ್ಮೇಲೆ ಕೆಳಗೆ ಬರಲ್ಲ. ನನಗೆ ಬೇರೆ ಲೋಟ ತರಿಸಿ. ಆ ಕ್ಷೌರಿಕನ ದುಡ್ಡಲ್ಲಿ."

ಕೆಳಗೆ ಬಂದು ಅವಳು ಗಂಡನ ಕುರ್ಚಿಯನ್ನು ಬಿಟ್ಟು, ಬಾಗಿಲ ಬಳಿ ಬೇರೊಂದು ಕುರ್ಚಿ ಹಾಕಿಸಿಕೊಂಡಳು. ಮೇಷ್ಟ್ರು ಅರ್ಜಿ ಹಿಡಿದು, "ಕಾರಣ, ಸಮಾಜದ ಏಳಿಗೆ..." ಎಂದು ಶುರು ಮಾಡಿದ್ದೇ ತಡ, ಅವಳು ತಡೆದಳು.

"ಅದೆಲ್ಲ ಬೇಡ. ಬರ್ಕೊಳ್ಳಿ. ಇವರು ಜೋರಾಗಿ ಮಾತಾಡ್ತಾರೆ, ಮಹಡಿಗೂ ಕೇಳಿಸುತ್ತೆ. ಹೇಗೂ ಕೇಳಲೇಬೇಕು, ಕೂತೇ ಕೇಳ್ತೀನಿ."

ಮೇಷ್ಟ್ರು ತಪಾಸಣೆಯವಳ ಮುಖ ನೋಡಿದರು. "ಹಾಗೇ ಬರೀರಿ," ಎಂದಳು ಅವಳು ಗಡಿಯಾರದ ಮೇಲೆ ಕಣ್ಣಿಟ್ಟು. "ಇಷ್ಟು ವರ್ಷದಲ್ಲಿ ನಾನು ಓದಿದ್ರಲ್ಲಿ ಇದೊಂದೇ ನಂಬೋ ಹಾಗಿದೆ." ಏಳು ಕೈಗಳು ಎದ್ದವು. ಆರು ಲೋಟ ಬೋಗುಣಿಗೆ ಬಿದ್ದವು. ಮೇಷ್ಟ್ರು ಅಭ್ಯಾಸಬಲದಿಂದ ಬಗ್ಗಿ ಎಣಿಸಿ, ಗಾಬರಿಯಾಗಿ, ಆಮೇಲೆ ತಲೆಗಳನ್ನು ಎಣಿಸಿದರು. ಆರೂ ಇಪ್ಪತ್ತೈದಕ್ಕೆ ತಪಾಸಣೆಯವಳು ಬಸ್ಸಿಗೆ ಓಡಿದಳು.

ಲಿಫ್ಟಣ್ಣ ಕಂಬಿ ಹಿಡಿದು ಮೆಟ್ಟಿಲು ಹತ್ತಿದ. ನಲವತ್ತಾರರಲ್ಲಿ ಕಂಬಿ ಮುಗಿದು ಕೈ ಗಾಳಿಗೆ ಬಿತ್ತು. ಅಲ್ಲಿಂದ ಮುಂದೆ ಗೋಡೆಯನ್ನು ಸವರುತ್ತಾ, ಅರವತ್ತನೇ ಮೆಟ್ಟಿಲಿನ ದೀಪದ ಕೆಳಗೊಮ್ಮೆ ನಿಂತು ಉಸಿರು ಸುಧಾರಿಸಿಕೊಂಡು, ಉಳಿದದ್ದನ್ನೂ ಹತ್ತಿದ.

ಹೆಂಡತಿ ಕಿಟಕಿಯಲ್ಲೇ ಇದ್ದಳು. "ಕೊಟ್ರಾ?"

"ಟಪಾಲಕ್ಕನ ಹತ್ರ ಇದೆ. ಕಂಬಿ ಮುಗಿದ ದಿನ ವಾಪಸ್ ಕೊಡ್ತಾಳೆ."

"ಅಂದ್ರೆ ಇಲ್ಲ ಅನ್ನಿ."

"ಇಲ್ಲ."

ಅವನು ಗೋಡೆಗೆ ಒರಗಿ ಷೂ ಬಿಚ್ಚಿದ. ಬೈಗುಳಕ್ಕೆ ಕಾದ. ಅವಳು ಕಿಟಕಿ ಬಿಟ್ಟು, ಗೋಡೆ ಹಿಡಿದು ಬಾಗಿಲಿಗೆ ಬಂದಳು. ಅವಳು ಬಾಗಿಲಾಚೆಯ ಮೊದಲ ಮೆಟ್ಟಿಲನ್ನೇ ನೋಡುತ್ತಿದ್ದಳು.

"ಪೈಪು ನಾಳೆ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಆ ಕೆಲಸದವರಿಗೆ ಹೇಳಿ, ಈ ಸಲ ಮೇಲಿಂದ ಶುರು ಮಾಡ್ಲಿ ಅಂತ. ಕೆಳಗಿಂದ ಬಂದ್ರೆ ನಮ್ಮ ಬಾಗಿಲಿಗೆ ಬರೋದು ಕೊನೇಲಿ. ಮೇಲಿಂದ ಆದ್ರೆ ನಾಳೆ ಸಂಜೆಗೇ ನಾನು ನಾಲ್ಕು ಮೆಟ್ಟಿಲಾದ್ರೂ ಇಳಿದು ಹತ್ತಬಹುದು. ಇಷ್ಟು ಸಣ್ಣ ವಿಷಯ ನಿಮ್ಮ ಏಳು ಜನಕ್ಕೆ ಹೊಳೀಲಿಲ್ವಾ?"

ಹೊಳೆದಿರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡುತ್ತಿದ್ದಳು. ಅವನು ಮೂಲೆಯ ಕುರ್ಚಿಯನ್ನು ಅವಳ ಕಡೆಗೆ ಎಳೆದ. ಆಮೇಲೆ, ಒಂದು ಷೂ ಕಾಲಲ್ಲಿ ಒಂದು ಕೈಯಲ್ಲಿ ಇದ್ದ ಹಾಗೇ, ಮೇಷ್ಟ್ರಿಗೆ ಫೋನು ಹಚ್ಚಿದ.