ಧನ್ಯಾಳ ಅಳತೆ ಕಾಗದ

ಕಳಸದ ಪೇಟೆಯಲ್ಲಿ ಟೈಲರ್ ಜಮೀಲುನ್ನೀಸಾಳ ನಾಲಿಗೆ ಅವಳ ಕತ್ತರಿಗಿಂತ ಹರಿತ. ದಪ್ಪಗಾದವರಿಗೆ ದಪ್ಪಗಾಗಿದ್ದೀರಿ ಎಂದು ಮುಖದ ಮೇಲೇ ಹೇಳುವವಳು. ಬೈದುಕೊಂಡಾದರೂ ಹೆಂಗಸರು ಅವಳ ಹತ್ತಿರವೇ ಬರುತ್ತಿದ್ದರು, ಅವಳು ಹೊಲಿದ ಬ್ಲೌಸಿಗೆ ಹೆಸರಿಡುವ ಹಾಗಿರಲಿಲ್ಲ.

ಖಾಯಂ ಗಿರಾಕಿಗಳ ಅಳತೆಯನ್ನು ಅವಳು ಹಳೇ ಪೇಪರಿನ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದಳು. ಭುಜ, ಕಂಕುಳು, ಸೊಂಟ, ಸುತ್ತ ಒಂದು ಗೆರೆ. ಬೇರೆ ಟೈಲರುಗಳ ಹಾಗೆ ಕಾಗದವನ್ನು ಗೆರೆಗೆ ಸರಿಯಾಗಿ ಕತ್ತರಿಸುತ್ತಿರಲಿಲ್ಲ. ಬಟ್ಟೆಯ ಮೇಲೆ ಇಡೀ ಹಾಳೆ ಹರಡಿ, ಗೆರೆಯ ಮೇಲೆ ಹಲ್ಲಿನ ಚಕ್ರ ಉರುಳಿಸಿ ಗುರುತು ಇಳಿಸುತ್ತಿದ್ದಳು.

“ಹೆಂಗಸರ ಮೈ ಯಾವತ್ತೂ ಒಂದೇ ಥರ ಇರುತ್ತಾ ಮಾರಾಯ್ತಿ? ಕತ್ತರಿಸಿದ್ರೆ ಮುಗೀತು. ಗೆರೆ ಆದ್ರೆ ಆಚೆ ಸರಿಸ್ಬಹುದು,” ಎನ್ನುತ್ತಿದ್ದಳು.

ಮೊಳೆಗೆ ಸಿಕ್ಕಿಸಿದ ಆ ಹಾಳೆಗಳಲ್ಲಿ ಒಂದು ಧನ್ಯಾಳದು. ಕಾಫಿ ತೋಟದ ರುದ್ರಪ್ಪನವರ ದೊಡ್ಡ ಮಗಳು. ತೊಂಬತ್ತನಾಲ್ಕರ ಆಷಾಢದಲ್ಲಿ ಹೊಳೆ ಕಡೆ ಹೋದ ಹದಿನಾಲ್ಕರ ಹುಡುಗಿ ವಾಪಸು ಬರಲಿಲ್ಲ. ದಡದಲ್ಲಿ ಚಪ್ಪಲಿ ಸಿಕ್ಕಿತು. ಭದ್ರೆಯನ್ನು ಕೆಳಗಿನವರೆಗೂ ಜಾಲಾಡಿದರೂ ಹೆಣ ಸಿಗಲಿಲ್ಲ. ಹಾಗಾಗಿ ತಾಯಿ ಗಿರಿಜಾಂಬಾ ಮಗಳು ಸತ್ತಳೆಂದು ಒಪ್ಪಲಿಲ್ಲ. ಮಾರನೇ ವರ್ಷ ಗೌರಿ ಹಬ್ಬಕ್ಕೆ ಹಸಿರು ಬಟ್ಟೆ ತಂದು, “ಧನ್ಯಾಗೆ ಒಂದು ಬ್ಲೌಸ್ ಹೊಲಿದಿಡು ಜಮೀಲಾ, ಬಂದಾಗ ಬೇಕಾಗುತ್ತೆ,” ಎಂದರು.

ಜಮೀಲಾಳ ನಾಲಿಗೆ ಆವತ್ತು ಏಳಲಿಲ್ಲ. ಬಟ್ಟೆ ಇಸಿದುಕೊಂಡಳು.

ಕಾಗದ ಬಿಚ್ಚಿದರೆ, ಅವಳು ಎಳೆದಿದ್ದ ಗೆರೆಯ ಆಚೆ ಇನ್ನೊಂದು ನೀಲಿ ಗೆರೆ ಇತ್ತು. ಭುಜಕ್ಕೆ ಅರ್ಧ ಬೆರಳು, ಉದ್ದಕ್ಕೆ ಒಂದು ಬೆರಳು ಹೆಚ್ಚು. ಕಂಕುಳ ಬಳಿ ಅವಳೇ ಹಾಕುವ ಇಂಟು ಗುರುತೂ ಇತ್ತು. ಕೈ ಅವಳದೇ, ಎಳೆದ ನೆನಪು ಮಾತ್ರ ಇರಲಿಲ್ಲ. ಮರೆತಿರಬೇಕು ಎಂದುಕೊಂಡು ಹೊಸ ಗೆರೆಗೇ ಹೊಲಿದಳು. ಮರುವರ್ಷ ಮೂರನೇ ಗೆರೆ ಕಂಡಿತು. ಒಬ್ಬಳೇ ಹೊರಲಾರದೆ ಗಿರಿಜಾಂಬಾ ಅವರನ್ನು ಕರೆದು ತೋರಿಸಿದಳು. ಅವರು ಆ ಗೆರೆಯ ಮೇಲೆ ಬೆರಳಾಡಿಸಿದರು.

“ಎಲ್ಲೋ ಬೆಳೀತಿದಾಳೆ,” ಎಂದರು.

ವರ್ಷಕ್ಕೊಂದು ಗೆರೆ, ವರ್ಷಕ್ಕೊಂದು ಬ್ಲೌಸ್. ಹೊಲಿದದ್ದೆಲ್ಲ ಗಿರಿಜಾಂಬಾ ಅವರ ಟ್ರಂಕು ಸೇರುತ್ತಿತ್ತು. ಜಮೀಲಾಳಿಗೆ ಭಯ ಹೋಗಲಿಲ್ಲ, ಆದರೆ ಗೌರಿ ಹಬ್ಬ ಹತ್ತಿರ ಬಂದಾಗ ಹುಡುಗಿ ಎಷ್ಟು ಬೆಳೆದಿದ್ದಾಳೋ ಎಂದು ನೋಡುವ ಆಸೆಯೂ ಹುಟ್ಟಿಕೊಂಡಿತು.

ಏಳು ವರ್ಷ ತುಂಬಿತು. ಅಷ್ಟು ಕಾಲ ಸುದ್ದಿಯೇ ಇಲ್ಲದವರನ್ನು ಕೋರ್ಟು ಸತ್ತವರೆಂದು ಒಪ್ಪುತ್ತದೆ ಎಂದು ವಕೀಲರು ಹೇಳಿದ್ದರು. ರುದ್ರಪ್ಪನವರು ಕೆಟ್ಟವರಲ್ಲ. ಮಗಳಿಗೆ ಒಂದು ಕಾರ್ಯವನ್ನೂ ಮಾಡದೆ ಕೂತು ಬೆಂದುಹೋಗಿದ್ದರು. “ಕಾಯ್ದೆನೇ ಒಂದು ಗೆರೆ ಎಳೆದಿದೆ, ನಾವು ಯಾಕೆ ಒದ್ದಾಡ್ಬೇಕು?” ಎಂದು ಹೆಂಡತಿಯನ್ನು ಬೇಡಿಕೊಂಡರು. ಅರ್ಜಿಗೆ ತಾಯಿಯ ಸಹಿ ಬೇಕಿತ್ತು. ಮರುದಿನ ಮೂಡಿಗೆರೆಗೆ ಹೋಗುವುದಿತ್ತು.

ಮಧ್ಯಾಹ್ನ ಗಿರಿಜಾಂಬಾ ಅಂಗಡಿಗೆ ಬಂದರು. “ತೆಗಿ ಜಮೀಲಾ. ಗೆರೆ ಸರಿದಿದ್ರೆ ಸಹಿ ಹಾಕಲ್ಲ. ಯಾರೇನಂದ್ರೂ ಹಾಕಲ್ಲ.”

ಜಮೀಲಾ ಮನಸ್ಸಿನಲ್ಲೇ ದುವಾ ಮಾಡುತ್ತ ಕಾಗದ ಬಿಡಿಸಿದಳು. ಗೆರೆ ಸರಿದಿತ್ತು. ಎದೆ, ಸೊಂಟ ತುಂಬಿಕೊಂಡ ಹೆಂಗಸಿನ ಅಳತೆ. ಪೆನ್ಸಿಲ್ಲಿನ ನೀಲಿ ಆಗತಾನೆ ಎಳೆದಂತೆ ಹೊಳೆಯುತ್ತಿತ್ತು.

ಗಿರಿಜಾಂಬಾ ಅತ್ತರು, ನಕ್ಕರು, ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ನೋಡು, ನನ್ನ ಹಾಗೇ ದಪ್ಪ ಆಗ್ತಿದಾಳೆ!” ಚೀಲದಿಂದ ಹೊಸ ಬಟ್ಟೆಯ ಜೊತೆ ಹೋದ ವರ್ಷದ ಬ್ಲೌಸನ್ನೂ ತೆಗೆದರು. ಮಡಿಕೆ ಕೂಡ ಮಾಸಿರಲಿಲ್ಲ. “ಇದು ಬಿಗಿಯಾಗುತ್ತೆ ಅವಳಿಗೆ. ಬಿಚ್ಚಿ ಅಗಲ ಮಾಡಿಡು. ಬಂದವಳು ಯಾವುದನ್ನ ಕೇಳ್ತಾಳೋ ಏನೋ.”

“ಈಗ್ಲೇ ಮಾಡ್ತೀನಿ ಅಮ್ಮ, ಕೂತ್ಕೊಳಿ.” ಜಮೀಲಾ ಬ್ಲೌಸಿನ ಒಳಮೈ ಹೊರಗೆ ಮಾಡಿ, ಪಕ್ಕದ ಹೊಲಿಗೆಗೆ ಬ್ಲೇಡು ತಾಗಿಸಿದಳು. ದಾರ ಬಿಚ್ಚಿಕೊಂಡಿತು. ಒಳಗೆ ಮಡಚಿದ್ದ ಬಟ್ಟೆಯಿಂದ ಮೇಜಿನ ಮೇಲೆ ಏನೋ ಉದುರಿತು.

ಮರಳು. ಸಣ್ಣ, ಬೂದುಬಣ್ಣದ ಹೊಳೆ ಮರಳು. ಇನ್ನೂ ಒದ್ದೆ ಇತ್ತು.

ಜಮೀಲಾ ಇನ್ನೊಂದು ಪಕ್ಕವನ್ನೂ ಬಿಚ್ಚಿದಳು. ಅಲ್ಲೂ ಅದೇ. ಹುಕ್ಕುಗಳ ಸಾಲು ತುಕ್ಕು ಹಿಡಿದಿತ್ತು. ಹೋದ ವರ್ಷ ಹೊಸ ಹುಕ್ಕು ಹಾಕಿದವಳು ಅವಳೇ.

“ಟ್ರಂಕಿಗೆ ನೀರೇನಾದ್ರೂ...” ಎಂದಳು.

“ಟ್ರಂಕು ಅಟ್ಟದ ಮೇಲಿದೆ. ಬೀಗದ ಕೈ ನನ್ನ ಸೊಂಟದಲ್ಲಿದೆ,” ಎಂದರು ಗಿರಿಜಾಂಬಾ.

ಅವರು ಮರಳನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಬೆರಳಲ್ಲೇ ಉಜ್ಜಿದರು, ಮೂಸಿದರು. ಏಳು ವರ್ಷದಲ್ಲಿ ಜಮೀಲಾ ಆ ಮುಖದಲ್ಲಿ ಕಾಣದಿದ್ದ ಒಂದು ಸಮಾಧಾನ ನಿಧಾನವಾಗಿ ಮೂಡಿತು. ಅದನ್ನು ನೋಡಿ ಜಮೀಲಾಳಿಗೆ ಮರಳಿಗಿಂತ ಹೆಚ್ಚು ಹೆದರಿಕೆಯಾಯಿತು.

“ಹಾಕ್ಕೊಂಡಿದಾಳೆ,” ಎಂದರು ಗಿರಿಜಾಂಬಾ. “ಹೊಳೇಲೇ ಬೆಳೀತಿದಾಳೆ, ಜಮೀಲಾ. ನಾನು ರಸ್ತೆ ನೋಡ್ತಾ ಕೂತಿದ್ದೆ.”

ಜಮೀಲಾ ಬಿಕ್ಕಿ ಬಿಕ್ಕಿ ಅತ್ತಳು. ಗಿರಿಜಾಂಬಾ ಅಳಲಿಲ್ಲ. ಮರಳನ್ನೆಲ್ಲ ಬಳಿದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದರು.

“ನಾಳೆ ಸಹಿ ಹಾಕ್ತೀನಿ. ಅವರೂ ಎಷ್ಟು ದಿನ ಅಂತ ಬೇಯ್ತಾರೆ?”

ಬಾಗಿಲವರೆಗೆ ಹೋದವರು ತಿರುಗಿ, ಮೇಜಿನ ಮೇಲೆ ಬಿಟ್ಟಿದ್ದ ಹೊಸ ಬಟ್ಟೆಯನ್ನು ನೋಡಿದರು.

“ಅದನ್ನ ಸ್ವಲ್ಪ ಸಡಿಲವಾಗೇ ಹೊಲಿ. ನೀರಲ್ಲಿ ಬಟ್ಟೆ ಕುಗ್ಗುತ್ತೆ.”