ಹಂಗಿನ ಗೋಡೆ

ಆಸ್ಪತ್ರೆಯ ಹೊರಗೋಡೆಗೆ ಎರಡನೇ ಸಲ ಸುಣ್ಣ ಬಳಿದರೂ ಡಬ್ಬದ ಚಿತ್ರ ಅಳಿಸಿಹೋಗಲಿಲ್ಲ. ಹಾಲಿನಪುಡಿಯ ನೀಲಿ ಡಬ್ಬ, ಪಕ್ಕದಲ್ಲಿ ಕೆನ್ನೆ ಉಬ್ಬಿದ ಮಗು, ಎರಡೂ ಬಿಳಿಯ ಹಿಂದಿನಿಂದ ಇಣುಕುತ್ತಲೇ ಇದ್ದವು. ಪುಡಿಯ ಕಂಪನಿಯವರು ಒಳ್ಳೆಯ ಬಣ್ಣವನ್ನೇ ಹಾಕಿಸಿದ್ದರು. ನರ್ಸಮ್ಮ ಕುಂಚವನ್ನು ಬಕೆಟ್ಟಿಗೆ ಎಸೆದು, ಮೊಣಕೈಗೆ ಸಿಡಿದ ಸುಣ್ಣ ಉಜ್ಜಿಕೊಳ್ಳುತ್ತ ನಿಂತಳು. ಕೂಸುಗಳ ತೂಕ ನೋಡುವ ದಿನ ಅದು. ತಾಯಂದಿರು ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು.

ಈ ಸಿಟ್ಟು ಹತ್ತಿಕೊಂಡದ್ದು ಹಿಂದಿನ ಸಂಜೆ. ಹೊಲದ ಹಾದಿಯಲ್ಲಿ ತಂಗಿಯ ಮಗಳು ಎದುರಾಗಿದ್ದಳು. ಹುಟ್ಟಿದಾಗ ಗುಂಡುಗುಂಡಾಗಿದ್ದ ಅವಳ ಕೂಸು ಮೂರೇ ತಿಂಗಳಿಗೆ ಹಿಂಡಿದ ಬಟ್ಟೆಯಂತಾಗಿತ್ತು. ಬಾಯಲ್ಲಿ ಸೀಸೆ.

"ಪುಡಿ ಹಾಲು ಕೊಡು ಅಂತ ಯಾರೇ ಹೇಳಿದ್ದು ನಿಂಗೆ?"

"ನಿಮ್ಮ ಆಸ್ಪತ್ರೆ ಗೋಡೇನೇ ಹೇಳ್ತಿತ್ತಲ್ಲ ದೊಡ್ಡಮ್ಮ."

"ಎದೆಹಾಲೊಂದೇ ಕೊಡು ಅಂತ ನಾನು ಬಾಯಿ ಬಡ್ಕೊಂಡಿರ್ಲಿಲ್ವಾ?"

ಹುಡುಗಿ ನೆಲ ನೋಡಿದಳು. "ನೀವು ಹಾಗನ್ನೋದು ಬಡವರ ಮನಸ್ಸು ನೋಯಬಾರದು ಅಂತ, ಅಂದ್ರು ನಮ್ಮತ್ತೆ. ಕೊಳ್ಳೋಕೆ ಆಗದೋರಿಗೆ ಬಾಯಿಮಾತು, ಆಗೋರಿಗೆ ಗೋಡೆ. ಒಳ್ಳೇದಲ್ದೆ ಇದ್ರೆ ಆಸ್ಪತ್ರೆ ಗೋಡೆ ಮೇಲೆ ಬರೆಸ್ತಿದ್ರಾ, ಅಂದ್ರು."

ಬಿಸಿಲು ಮಳೆ ನೋಡದೆ ಮನೆಮನೆ ಅಲೆದು ಆಡಿದ ಮಾತನ್ನೆಲ್ಲ ಒಂದು ಗೋಡೆ ಕೂತಲ್ಲೇ ನುಂಗಿ ನೀರು ಕುಡಿದಿತ್ತು. ಗೋಡೆ ಒಂದೇ ಅಲ್ಲ. ಅವಳ ಕುರ್ಚಿಯ ಬೆನ್ನಿಗೆ ಡಬ್ಬ, ಗಡಿಯಾರದ ಮುಖಕ್ಕೆ ಡಬ್ಬ, ಕೂಸನ್ನು ಮಲಗಿಸುವ ತಕ್ಕಡಿಯ ತಟ್ಟೆಗೂ ಡಬ್ಬ. ಅದರ ಮಡಿಲಲ್ಲೇ ಕೂತು ಅದು ಬೇಡವೆಂದರೆ, ಶಾಸ್ತ್ರ ಹೇಳಿ ಬದನೆಕಾಯಿ ತಿನ್ನುವವಳ ಮಾತನ್ನು ಯಾರು ಕೇಳುತ್ತಾರೆ? ಸೀಸೆ ಬಿಡಿಸಿ ಕೂಸನ್ನು ಮತ್ತೆ ಎದೆಗೆ ತರಬೇಕು, ತಡವಾದರೆ ಕೈಮೀರುತ್ತದೆ ಎಂದುಕೊಂಡು, "ನಾಳೆ ಎತ್ಕೊಂಡು ಬಾ" ಎಂದಷ್ಟೇ ಹೇಳಿ ಬಂದಿದ್ದಳು.

ಜೀಪು ಬಂದು ನಿಂತಿತು. ಮುಂದಿನಿಂದ ಡಾಕ್ಟರು ಇಳಿದರು. ಹಿಂದಿನಿಂದ ಕಂಪನಿಯ ಮನುಷ್ಯ ಇಳಿದ. ಊರವರ ಬಾಯಲ್ಲಿ ಅವನು ಡಬ್ಬದ ಸಾಹೇಬ. ಇಬ್ಬರೂ ಗೋಡೆ ನೋಡಿದರು.

"ಏನಿದು ಸಿಸ್ಟರ್?" ಎಂದರು ಡಾಕ್ಟರು.

"ಸುಣ್ಣ, ಸಾರ್."

"ಕಾಣ್ತಿದೆ. ಯಾರನ್ನ ಕೇಳಿ ಬಳಿದ್ರಿ?"

"ಬರೆಯೋವಾಗ ನನ್ನ ಯಾರೂ ಕೇಳಿರ್ಲಿಲ್ಲ."

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಡಾಕ್ಟರು ದನಿ ತಗ್ಗಿಸಿದರು. "ಲಸಿಕೆ ಇಡೋ ಫ್ರಿಜ್ಜೂ ಅವರದ್ದೇ. ಅದಕ್ಕೂ ಸುಣ್ಣ ಬಳೀತೀರಾ? ಮೇಲಿನೋರಿಗೆ ಬರೆದೂ ಬರೆದೂ ಕೈ ಸೋತ ಮೇಲೆ ತಾನೇ ಇವರನ್ನ ಕೇಳಿದ್ದು? ಉಂಡ ಮನೆ ಜಂತೆ ಎಣಿಸಬಾರದು, ಸಿಸ್ಟರ್."

"ಉಂಡೋರು ಯಾರು ಸಾರ್? ಉಣ್ಣೋ ಕೂಸು ಬಡಕಲಾಗ್ತಿದೆ."

ಆದರೂ ಆ ಮಾತು ಅವಳನ್ನು ಚುಚ್ಚಿತು. ಹಳೆಯ ಫ್ರಿಜ್ಜು ಕೆಟ್ಟು, ಒಂದು ಬೇಸಿಗೆಯ ಲಸಿಕೆಯನ್ನೆಲ್ಲ ಗುಂಡಿ ತೋಡಿ ಹೂತವಳು ಅವಳೇ. ಹೊಸದು ಬಂದ ದಿನ ಮದುಮಗಳ ಮುಖ ಒರೆಸುವಂತೆ ಅದನ್ನು ಒರೆಸಿದವಳೂ ಅವಳೇ.

ಡಬ್ಬದ ಸಾಹೇಬನಿಗೆ ಸಿಟ್ಟೇ ಬರಲಿಲ್ಲ. "ಇರಲಿ ಬಿಡಿ ಡಾಕ್ಟ್ರೇ. ನಾಳೆ ಪೇಂಟರ್ ಕಳಿಸ್ತೀನಿ. ಸಿಸ್ಟರ್, ಎದೆಹಾಲೇ ಶ್ರೇಷ್ಠ ಅಂತ ನಾವೂ ಡಬ್ಬದ ಮೇಲೆ ಬರೆದಿದ್ದೀವಿ."

"ಇರುವೆ ಗಾತ್ರದ ಅಕ್ಷರದಲ್ಲಿ."

"ಆ ಗಾತ್ರ ಹೇಳಿದ್ದು ಸಮಿತಿಯೋರು. ಕೂಸುಗಳಿಗೆ ಏನು ಕೊಡಬೇಕು ಅಂತ ತೀರ್ಮಾನ ಮಾಡೋ ಸಮಿತಿ. ಅಲ್ಲಿ ನಮಗೂ ಒಂದು ಕುರ್ಚಿ ಇದೆ. ಈ ಸಲ ನಿಮ್ಮ ಡಾಕ್ಟ್ರಿಗೂ ಒಂದು."

ಡಾಕ್ಟರು ಅವಳ ಮುಖ ನೋಡದೆ ಒಳಗೆ ಹೋದರು.

ಅಷ್ಟರಲ್ಲಿ ತಂಗಿಯ ಮಗಳು ಬಂದಳು. ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲಬಾರದೋ ಅಲ್ಲೇ ನಿಂತಿತು. ನರ್ಸಮ್ಮ ಅವಳನ್ನು ಲಸಿಕೆ ಕೋಣೆಗೆ ಕರೆದೊಯ್ದು, ಫ್ರಿಜ್ಜಿಗೆ ಬೆನ್ನು ಮಾಡಿ ಕೂರಿಸಿ, ಕೂಸನ್ನು ಎದೆಗೆ ಹಚ್ಚಿದಳು. ಕೂಸು ಎರಡು ಸಲ ಚೀಪಿ, ಏನೂ ಸಿಗದೆ ಬೆನ್ನು ಸೆಟೆಸಿ ಕಿರುಚಿತು. ಮತ್ತೆ ಹಚ್ಚಿದಳು, ಮತ್ತೆ ಕಿರುಚಿತು. ನರ್ಸಮ್ಮನೇ ಹಿಂಡಿ ನೋಡಿದರೆ ಬಂದದ್ದು ಒಂದೆರಡು ತೊಟ್ಟು.

"ಬತ್ತಿಹೋಯ್ತು ದೊಡ್ಡಮ್ಮ," ಹುಡುಗಿ ಅತ್ತಳು.

"ಬತ್ತಿಲ್ಲ, ಮುನಿಸ್ಕೊಂಡಿದೆ. ಚೀಪಿದಷ್ಟೂ ಬರುತ್ತೆ. ಸೀಸೆಗೆ ಎಷ್ಟು ಪುಡಿ ಹಾಕ್ತಿದ್ದೆ?"

"ಹೇಳಿದ್ದರಲ್ಲಿ ಅರ್ಧ. ಡಬ್ಬ ಬೇಗ ಮುಗಿದುಹೋಗುತ್ತಲ್ಲ."

ನರ್ಸಮ್ಮ ಕಣ್ಣು ಮುಚ್ಚಿಕೊಂಡಳು. ಎದೆಗೆ ಹಾಲು ಇಳಿಯುವವರೆಗೆ ಈ ಕೂಸನ್ನು ನೀರಾದ ಹಾಲಿನಲ್ಲಿ ಬಿಡುವ ಹಾಗಿಲ್ಲ. ಬೇರೆ ದಾರಿ ಇರಲಿಲ್ಲ. ಹುಡುಗಿಯ ಚೀಲದಿಂದ ಡಬ್ಬವನ್ನು ತಾನೇ ತೆಗೆದಳು. ಯಾವ ಡಬ್ಬಕ್ಕೆ ಬೆಳಿಗ್ಗೆಯಿಂದ ಸುಣ್ಣ ಬಳಿದಿದ್ದಳೋ ಅದರ ಬೆನ್ನ ಮೇಲಿನ ಅಳತೆಯನ್ನು ಒಂದಕ್ಷರ ಬಿಡದೆ ಓದಿ ಹೇಳಿದಳು. ನೀರು ಕುದಿಸಿದ್ದಿರಬೇಕು. ಚಮಚದ ತಲೆ ಸಮ ಮಾಡಬೇಕು. ಸೀಸೆ ಬೇಡ, ಬಟ್ಟಲಲ್ಲಿ ಕುಡಿಸು. ಪ್ರತಿ ಸಲವೂ ಮೊದಲು ಎದೆ, ಆಮೇಲೆ ಇದು.

ಹಿಂದಿನಿಂದ ಗಂಟಲು ಸರಿಪಡಿಸಿಕೊಂಡ ಸದ್ದಾಯಿತು. ಡಬ್ಬದ ಸಾಹೇಬ ಹೊಸ್ತಿಲಲ್ಲಿ ನಿಂತಿದ್ದ. ಮುಖದಲ್ಲಿ ಕುಹಕವಿರಲಿಲ್ಲ, ನಿಜವಾದ ಮೆಚ್ಚುಗೆಯೇ ಇತ್ತು.

"ಎಷ್ಟು ಚೆನ್ನಾಗಿ ಹೇಳಿಕೊಡ್ತೀರಿ ಸಿಸ್ಟರ್! ನಮ್ಮ ತಾಯಂದಿರ ಸಭೆಗೆ ಬಂದು ಇಷ್ಟೇ ಹೇಳಿ. ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ."

ಅವಳು ಎದ್ದು ಹೋಗಿ ಅವನ ಮುಖಕ್ಕೇ ಬಾಗಿಲು ಮುಚ್ಚಿದಳು. ಚಿಲಕ ಹಾಕಿದಳು. ಹೊರಗೆ ಕಟ್ಟೆಯ ಕೂಸುಗಳು ಒಂದರ ಹಿಂದೊಂದು ಅಳತೊಡಗಿದ್ದವು. ಡಾಕ್ಟರು "ಸಿಸ್ಟರ್, ಎಲ್ಲಿದ್ದೀರಿ?" ಎಂದು ಎರಡು ಸಲ ಕೂಗಿದರು.

"ಇನ್ನೂ ಎಷ್ಟು ದಿನ ದೊಡ್ಡಮ್ಮ, ಹೀಗೆ?"

"ನಂಗೂ ಗೊತ್ತಿಲ್ಲ ಕಣೇ," ಎಂದಳು ನರ್ಸಮ್ಮ. "ಇನ್ನೊಂದು ಕಡೆ ಹಚ್ಚು. ಅಳಲಿ, ಬಿಡಬೇಡ."